ಲಕ್ಕಾ ಪಾರಿವಾಳದ ಬಾಲದಲ್ಲಿ ಗರಿ ಎಷ್ಟಿರಬೇಕು? ಕಾರವಾರದ ಮಳೆಯಲ್ಲಿ ಆ ಬಾಲ ಉಳಿಸಿಕೊಳ್ಳುವುದು ಹೇಗೆ?

ಕಾಳಿ ದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನಮ್ಮ ಮನೆ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ. ಏಪ್ರಿಲ್‌ನಲ್ಲಿ ಒಂದು ಜೋಡಿ ಬಿಳಿ ಲಕ್ಕಾ ತಂದೆ, ಬೀಸಣಿಗೆಯ ಹಾಗೆ ಬಾಲ ಬಿಚ್ಚುವ ಪಾರಿವಾಳ. ತಲೆಗೆ ಜುಟ್ಟು ಇದೆ, ಕಾಲಿಗೂ ಗರಿ ಇದೆ. ಮಾರಿದವರು "ಬಾಲದಲ್ಲಿ 40 ಗರಿ ಇದೆ, ಡಬಲ್ ಬಾಲ" ಅಂದಿದ್ದರು. ಮನೆಗೆ ತಂದು ನಿಧಾನ ಎಣಿಸಿದೆ. ಗಂಡಿಗೆ 31, ಹೆಣ್ಣಿಗೆ 28.

ಅದು ಬಿಡಿ. ಈಗಿನ ಚಿಂತೆ ಬೇರೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಂಡಿನ ಬಾಲದ ಆರು ಗರಿ ತುದಿಯಲ್ಲಿ ಮುರಿದಿವೆ. ಕೆಳಗಿನ ಅಂಚು ಕೆಸರು ಬಣ್ಣಕ್ಕೆ ತಿರುಗಿದೆ. ಬಿಸಿಲಿನಲ್ಲಿ ಅದು ಬಾಲ ಬಿಚ್ಚಿ ಅಂಗಳದಲ್ಲಿ ನಿಂತರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಈಗ ಮೂಲೆಯಲ್ಲಿ ಮುದುಡಿ ಕೂರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮುರಿದ ಗರಿ ಕೀಳಬೇಕಾ? ನಾನು ಮೋಸ ಹೋದೆನಾ? ಈ ಊರಿನ ಮಳೆಗೆ ಲಕ್ಕಾ ಸಾಕುವುದೇ ತಪ್ಪಾ?

ಘಟ್ಟದ ಮೇಲಿನವ (ಶಿರಸಿ)

ತಮ್ಮಾ, ಮೊದಲು ಕೈ ಬಾಲದಿಂದ ತೆಗಿ. ಏನೂ ಕೀಳಬೇಡ.

ಗರಿ ಬುಡದಿಂದ ಕಿತ್ತರೆ ಆ ಜಾಗದಲ್ಲಿ ಸುಮಾರು ಆರು ವಾರದಲ್ಲಿ ಹೊಸದು ಬರುತ್ತದೆ, ಅದು ನಿಜ. ಕತ್ತರಿಸಿದರೆ ಅಥವಾ ಮುರಿದರೆ ಆ ತುಂಡು ಗರಿ ಬದಲಾವಣೆಯ ಕಾಲದವರೆಗೂ ಹಾಗೇ ಇರುತ್ತದೆ. ಇದನ್ನು ಕೇಳಿ ತುಂಬಾ ಜನ ಎಲ್ಲವನ್ನೂ ಕಿತ್ತು ಬಿಡುತ್ತಾರೆ. ಹಕ್ಕಿಗೆ ನೋವು ಜಾಸ್ತಿ. ಗರಿ ಹುಟ್ಟುವ ಬುಡಕ್ಕೆ ಪೆಟ್ಟಾದರೆ ಮುಂದಿನದು ಸೊಟ್ಟ ಬರಬಹುದು, ಬಾರದೆಯೂ ಇರಬಹುದು. ಹೇಗೂ ನಮ್ಮ ಕಡೆ ಮಳೆಗಾಲದಲ್ಲೇ ಗರಿ ಉದುರುವುದು ಶುರುವಾಗುತ್ತದೆ. ರೆಕ್ಕೆಯ 10 ದೊಡ್ಡ ಗರಿಗಳಲ್ಲಿ ಒಳಗಿನದು ಮೊದಲು ಬೀಳುತ್ತದೆ, ಆಮೇಲೆ ಒಂದೊಂದಾಗಿ ಹೊರಗಿನ ಕಡೆಗೆ. ಬಾಲವೂ ಜೊತೆಯಲ್ಲೇ ಬದಲಾಗುತ್ತದೆ. ದೀಪಾವಳಿ ಹೊತ್ತಿಗೆ ನಿನ್ನ ಗಂಡು ಹೊಸ ಬಾಲ ಹೊತ್ತು ನಿಲ್ಲುತ್ತದೆ.

ಮುರಿಯದೆ ಬರೀ ಬಾಗಿದ ಗರಿ ಇದ್ದರೆ ಬಿಸಿನೀರಿನ ಆವಿಗೆ ಸ್ವಲ್ಪ ದೂರದಿಂದ ಹಿಡಿ. ಬೆರಳಿನಿಂದ ಸವರು. ನೇರ ಆಗುತ್ತದೆ. ಮೈಗೆ ಆವಿ ತಾಗದ ಹಾಗೆ ನೋಡಿಕೋ.

31 ಗರಿಗೆ ಯಾಕೆ ಬೇಜಾರು? ಒಳ್ಳೆಯ ಲೆಕ್ಕವೇ ಅದು.

ಕುಮಟೆ ಮೇಷ್ಟ್ರು

ಗರಿ ಲೆಕ್ಕದ ಬಗ್ಗೆ ನಾನು ಸ್ವಲ್ಪ ಹೇಳಲೇಬೇಕು. ಇದು ನನಗೆ ಬಹಳ ಇಷ್ಟದ ವಿಷಯ.

ದೇವಸ್ಥಾನದ ಮಾಡಿನಲ್ಲಿ, ಬಸ್ ಸ್ಟ್ಯಾಂಡಿನ ಜಂತಿಯಲ್ಲಿ ಕೂರುವ ಬೂದು ಪಾರಿವಾಳ ಇದೆಯಲ್ಲ, ಅದರ ಬಾಲದಲ್ಲಿ 12 ಗರಿ. ಸಾಕಿದ ಪಾರಿವಾಳಗಳೆಲ್ಲ ಆ ಮೂಲದಿಂದಲೇ ಬಂದವು. ಮುಖಿ, ಶಿರಾಜಿ, ಗಿರಿಬಾಜ್, ಹೋಮರ್, ಯಾವ ತಳಿಯನ್ನೇ ಹಿಡಿದು ಎಣಿಸಿ, ಹೆಚ್ಚು ಕಡಿಮೆ ಅಷ್ಟೇ ಸಿಗುತ್ತದೆ. ಲಕ್ಕಾ ಒಂದೇ 30, 40ರವರೆಗೆ ಹೋಗುತ್ತದೆ.

ಇದನ್ನು ಬರೆದಿಟ್ಟವರು ಡಾರ್ವಿನ್. 1859ರ ಪುಸ್ತಕದ ಮೊದಲ ಅಧ್ಯಾಯದಲ್ಲೇ ಪಾರಿವಾಳದ ಮಾತು ಬರುತ್ತದೆ. ಅವರು ಸ್ವತಃ ಪಾರಿವಾಳ ಸಾಕಿದರು, ಲಂಡನ್ನಿನ ಎರಡು ಪಾರಿವಾಳ ಕ್ಲಬ್ಬಿಗೆ ಸೇರಿದ್ದರು. ಒಳ್ಳೆಯ ಲಕ್ಕಾದಲ್ಲಿ ತಲೆ ಹಿಂದೆ ಬಾಗಿ ಬಾಲಕ್ಕೆ ತಾಗುತ್ತದೆ ಅಂತ ಬರೆದಿದ್ದಾರೆ. 1868ರ ಪುಸ್ತಕದಲ್ಲಿ ಹಳೆಯ ಲೆಕ್ಕಗಳನ್ನೂ ಕೊಟ್ಟಿದ್ದಾರೆ. 1677ರಲ್ಲಿ ಒಬ್ಬರು ಎಣಿಸಿದ ಲಕ್ಕಾಗೆ 26 ಗರಿ. 1735ರಲ್ಲಿ ಇನ್ನೊಬ್ಬರು ಎಣಿಸಿದ್ದಕ್ಕೆ 36. 1824ರ ಹೊತ್ತಿಗೆ ಫ್ರಾನ್ಸಿನಲ್ಲಿ 42 ಗರಿಯವು ಸಿಗುತ್ತಿದ್ದವು. ಒಂದೂವರೆ ಶತಮಾನ ಜನ ಜಾಸ್ತಿ ಗರಿಯ ಹಕ್ಕಿಗೆ ಜಾಸ್ತಿ ಗರಿಯ ಹಕ್ಕಿಯನ್ನೇ ಜೋಡಿ ಹಾಕುತ್ತಾ ಬಂದರು. ಅದರ ಫಲ ಅದು.

ಆದರೆ ಲಕ್ಕಾ ನಮ್ಮ ದೇಶದ್ದು ಅಂತ ಹೇಳಲು ಇಂಗ್ಲೆಂಡಿನ ಪುಸ್ತಕವೇ ಬೇಕು ಅಂತಿಲ್ಲ. ಅಬುಲ್ ಫಜಲ್ ಬರೆದ ಐನ್-ಇ-ಅಕ್ಬರಿಯಲ್ಲಿ ಲಕ್ಕಾ ಹೆಸರು ಇದೆ. ಅಕ್ಬರನ ಅರಮನೆಯಲ್ಲಿ 20,000ಕ್ಕೂ ಹೆಚ್ಚು ಪಾರಿವಾಳ ಇದ್ದವು ಅಂತ ಅದರಲ್ಲಿ ಬರುತ್ತದೆ. ಪಾರಿವಾಳದ ಆಟಕ್ಕೆ ಅವನು ಇಟ್ಟ ಹೆಸರು ಇಷ್ಕ್‌ಬಾಜಿ, ಅಂದರೆ ಪ್ರೀತಿಯ ಆಟ.

ಇನ್ನೊಂದು ವಿಷಯ. ಡಾರ್ವಿನ್‌ಗೆ ಭಾರತದಿಂದ ಪಾರಿವಾಳದ ಚರ್ಮ ಕಳಿಸಿಕೊಟ್ಟವರು ವಾಲ್ಟರ್ ಎಲಿಯಟ್. ಈ ಎಲಿಯಟ್ ಚಿಕ್ಕ ವಯಸ್ಸಿನಲ್ಲಿ ಕೆಲಸ ಮಾಡಿದ್ದು ನಮ್ಮ ಪಕ್ಕದ ಧಾರವಾಡದಲ್ಲಿ. 1824ರಲ್ಲಿ ಕಿತ್ತೂರು ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕಿದ್ದ ಇಬ್ಬರು ಅಧಿಕಾರಿಗಳಲ್ಲಿ ಅವರೂ ಒಬ್ಬರು. ನಮ್ಮ ಶಾಲೆಗಳಲ್ಲಿ ಕಿತ್ತೂರಿನ ಪಾಠ ಮಾಡುವಾಗ ಇದನ್ನು ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ.

ಕಾಳಿ ದಂಡೆ (ಕಾರವಾರ)

ಮೇಷ್ಟ್ರೇ, ಇದನ್ನು ಅಪ್ಪನಿಗೆ ಓದಿ ಹೇಳಿದೆ. "ಕಿತ್ತೂರಿಗೂ ನಿನ್ನ ಹಕ್ಕಿಗೂ ನೆಂಟಸ್ತಿಕೆಯಾ" ಅಂತ ಅಚ್ಚರಿಪಟ್ಟರು. ಪಾರಿವಾಳ ಬೇಡ ಅಂತಿದ್ದವರು ಇವತ್ತು ತಾವೇ ಕಾಳು ಹಾಕಿದರು.

ಒಂದು ಕೇಳಬೇಕು. ಗರಿ ಜಾಸ್ತಿ ಇದ್ದಷ್ಟೂ ಬಾಲ ಚಂದವಾ?

ಅಂಕೋಲೆ ಅಕ್ಕ

ಇಲ್ಲ. ಇದನ್ನು ನಾನು ಬಾಯಿ ಬಿಟ್ಟೇ ಹೇಳುತ್ತೇನೆ, 40 ಗರಿ ಅಂತ ಕೂಗಿ ಮಾರುವವರಿಂದ ಈ ತಳಿಗೆ ಕೆಟ್ಟದ್ದೇ ಆಗುತ್ತಿದೆ.

ನಾನು 14 ವರ್ಷದಿಂದ ಲಕ್ಕಾ ಇಟ್ಟಿದ್ದೇನೆ. ನನ್ನ ಗೂಡಿನ ಅತಿ ಚಂದದ ಹೆಣ್ಣಿಗೆ 30 ಗರಿ ಇತ್ತು. ಒಂದೊಂದೂ ಅಗಲ, ಒಂದರ ಮೇಲೆ ಒಂದು ಕೂತು ನಡುವೆ ಒಂದು ಚೂರೂ ಸಂದು ಇರಲಿಲ್ಲ. ಹಿಂದಿನಿಂದ ನೋಡಿದರೆ ದೊಡ್ಡ ಬಿಳಿ ಹರಿವಾಣ ಎತ್ತಿ ಹಿಡಿದ ಹಾಗೆ. ಅದರ ಜೊತೆಯಲ್ಲೇ 38 ಗರಿಯ ಗಂಡು ಇತ್ತು. ಎಲ್ಲ ಗರಿ ಸಪೂರ, ಜಾಗ ಸಾಲದೆ ಒಂದಕ್ಕೊಂದು ಒತ್ತಿ ತಿರುಚಿಕೊಂಡಿದ್ದವು. ಮಧ್ಯದಲ್ಲಿ ಬಾಲ ಎರಡು ಹೋಳು. ಸಂತೆಯಲ್ಲಿ ಬೆಲೆ ಯಾವುದಕ್ಕೆ ಜಾಸ್ತಿ ಹೇಳಿ? ಗಂಡಿಗೆ.

ಅದಕ್ಕೇ ಖರೀದಿ ಮಾಡುವಾಗ ಎಣಿಸುವ ಮೊದಲು ಹಕ್ಕಿಯನ್ನು ನೆಲಕ್ಕೆ ಬಿಟ್ಟು ನೋಡಿ. ಬಾಲ ಸುತ್ತ ಒಂದೇ ಅಳತೆಯಲ್ಲಿ ಹರಡಿದೆಯಾ? ಒಂದು ಕಡೆ ವಾಲಿದೆಯಾ? ಕೆಳಗಿನ ಗರಿ ನೆಲಕ್ಕೆ ಎಳೆಯುತ್ತಿದೆಯಾ? ಎದೆ ಉಬ್ಬಿಸಿ ನಿಂತಾಗ ಮೈ ತೂಕ ಹಿಡಿದುಕೊಳ್ಳುತ್ತದಾ, ಹಿಂದಕ್ಕೆ ಬೀಳುತ್ತದಾ? ಇದು ನೋಡಿದ ಮೇಲೆ ಎಣಿಕೆ.

"ಡಬಲ್ ಬಾಲ" ಅನ್ನುವುದು ಪೂರ್ತಿ ಸುಳ್ಳಲ್ಲ. ಲಕ್ಕಾದ ಬಾಲದ ಗರಿ ಒಂದೇ ಸಾಲಿನಲ್ಲಿ ಇರುವುದಿಲ್ಲ. ಸ್ವಲ್ಪ ಏರುಪೇರಾಗಿ ಎರಡು ಸಾಲಿನಲ್ಲಿ ಕೂರುತ್ತವೆ. ಎಲ್ಲ ಲಕ್ಕಾವೂ ಹಾಗೇ. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ.

ಬಂದರು ಗೂಡು (ಬೈತಖೋಲ)

ನನ್ನ ಮಾತು ಚಿಕ್ಕದು. ಲಕ್ಕಾಗೆ ಬಾಲದ ಬುಡದ ಎಣ್ಣೆ ಗ್ರಂಥಿ ಇಲ್ಲ. ಬೇರೆ ಹಕ್ಕಿಗಳು ಕೊಕ್ಕಿನಿಂದ ಆ ಎಣ್ಣೆ ತೆಗೆದು ಗರಿಗೆ ಹಚ್ಚಿಕೊಳ್ಳುತ್ತವೆ. ಇದಕ್ಕೆ ಆ ಅನುಕೂಲ ಇಲ್ಲ. ಹಾಗಾಗಿ ಕಾರವಾರ ಮಳೆಗೆ ಲಕ್ಕಾ ಹೊಂದುವುದಿಲ್ಲ. ಹೋಮರ್ ಸಾಕಿ.

ಅಂಕೋಲೆ ಅಕ್ಕ

ಅಣ್ಣಾ, ಅರ್ಧ ಸರಿ ಹೇಳಿದಿರಿ. ಗ್ರಂಥಿ ಇಲ್ಲದಿರುವುದು ಖರೆ. ಡಾರ್ವಿನ್ ಕೂಡ ಅದನ್ನು ಬರೆದಿದ್ದಾರೆ. ಆದರೆ ಪಾರಿವಾಳ ಜಾತಿಯೇ ಎಣ್ಣೆಗಿಂತ ಜಾಸ್ತಿ ಪುಡಿ ನಂಬಿಕೊಂಡಿರುವುದು. ಸ್ನಾನಕ್ಕೆ ಬೋಗುಣಿಯಲ್ಲಿ ನೀರು ಇಡಿ. ಅದು ಮಿಂದು ಎದ್ದ ಮೇಲೆ ನೋಡಿ. ನೀರಿನ ಮೇಲೆ ಬಿಳಿ ಕೆನೆ ತೇಲುತ್ತದೆ. ಮೈಯ ಕೆಲವು ಗರಿ ಪುಡಿಯಾಗಿ ಉದುರಿ ಉಳಿದ ಗರಿಗೆ ಹರಡಿಕೊಳ್ಳುತ್ತದೆ. ನೀರು ತಡೆಯುವುದರಲ್ಲಿ ಅದರ ಪಾಲು ದೊಡ್ಡದು. ಲಕ್ಕಾಗೂ ಅದು ಇದೆ.

ನಮ್ಮಲ್ಲಿ ತೊಂದರೆ ಆಗುವುದು ಬಾಲದ ಅಳತೆಯಿಂದ. ಅಷ್ಟು ದೊಡ್ಡ ಬೀಸಣಿಗೆ ಗಾಳಿಗೆ ಹಾಯಿಯ ಹಾಗೆ ಸಿಕ್ಕಿಕೊಳ್ಳುತ್ತದೆ. ಎರಚಲು ಎಲ್ಲ ಅದಕ್ಕೇ ಹೊಡೆಯುತ್ತದೆ. ನೆಲ ಒದ್ದೆ ಇದ್ದರೆ ಕೆಳಗಿನ ಗರಿ ಬತ್ತಿಯ ಹಾಗೆ ನೀರು ಹೀರುತ್ತದೆ. ಒದ್ದೆ ಗರಿ ಮೆತ್ತಗಾಗಿ ಸರಳಿಗೋ ಗೋಡೆಗೋ ತಾಗಿ ಮುರಿಯುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಇದಕ್ಕೆ ಮದ್ದು ಒಂದೇ, ಒಳ್ಳೆಯ ಗೂಡು.

ನನ್ನ ಗೂಡು ಹೇಗಿದೆ ಅಂತ ಹೇಳುತ್ತೇನೆ. ಮೂರು ಕಡೆ ಚಿರೇಕಲ್ಲಿನ ಗೋಡೆ. ಮಳೆಗಾಳಿ ಬರುವುದು ಪಡುವಣದಿಂದ, ನೈಋತ್ಯದಿಂದ. ಅದಕ್ಕೆ ಬಾಗಿಲು, ಜಾಲರಿ ಎಲ್ಲ ಮೂಡಲಿಗೆ. ಜಾಲರಿ ಮುಂದೆ ಮಾಡು ಮೂರು ಅಡಿ ಹೊರಗೆ ಚಾಚಿದೆ. ಆಷಾಢದಲ್ಲಿ ಅದರ ಮೇಲೂ ತೆಂಗಿನ ಮಡ್ಲಿನ ತಟ್ಟಿ ಕಟ್ಟುತ್ತೇನೆ. ನೆಲ ಅಂಗಳಕ್ಕಿಂತ ಎರಡು ಅಡಿ ಮೇಲೆ. ನೆಲಕ್ಕೆ ಒಣ ಉಮಿ, ಒದ್ದೆಯಾದ ದಿನವೇ ಬದಲು. ಕೂರುವ ಹಲಗೆ ಚಪ್ಪಟೆ, ಅಂಗೈ ಅಗಲ. ಎರಡು ಹಲಗೆ ನಡುವೆ ಒಂದೂವರೆ ಅಡಿ. ಇಲ್ಲದಿದ್ದರೆ ಪಕ್ಕದ ಹಕ್ಕಿ ತಿರುಗಿದಾಗ ಇದರ ಬಾಲಕ್ಕೆ ಹೊಡೆಯುತ್ತದೆ. ಗೋಡೆಗೂ ಹಲಗೆಗೂ ಬಾಲದಷ್ಟು ಅಂತರ ಇರಲೇಬೇಕು. ಕಾಳಿ ದಂಡೆ, ನಿಮ್ಮ ಗಂಡಿನ ಗರಿ ತುದಿಯಲ್ಲೇ ಮುರಿದಿದೆ ಅಂದಿರಿ. ಹಿಂದೆ ಗೋಡೆ ಹತ್ತಿರ ಇದೆಯಾ ನೋಡಿ.

ಗಾಳಿ ಆಡುವುದನ್ನು ಮಾತ್ರ ನಿಲ್ಲಿಸಬೇಡಿ. ಪ್ಲಾಸ್ಟಿಕ್ ಸುತ್ತಿ ಮುಚ್ಚಿದ ಗೂಡಿನಲ್ಲಿ ಹಿಕ್ಕೆಯ ಘಾಟು ನಿಲ್ಲುತ್ತದೆ. ಹಕ್ಕಿಗೂ ಕೆಟ್ಟದ್ದು, ನಮಗೂ ಕೆಟ್ಟದ್ದು. ಆ ಪುಡಿ ವರ್ಷಗಟ್ಟಲೆ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ತೊಂದರೆ ಬರುತ್ತದೆ. ಗೂಡು ಗುಡಿಸುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಕೆಮ್ಮು ಬಂದರೆ ಡಾಕ್ಟರಿಗೆ "ಪಾರಿವಾಳ ಸಾಕಿದ್ದೇನೆ" ಅಂತ ಹೇಳಲು ಮರೆಯಬೇಡಿ.

ಕಾಳಿ ದಂಡೆ (ಕಾರವಾರ)

ಅಕ್ಕಾ, ಈಗಷ್ಟೇ ಹೋಗಿ ಅಳೆದೆ. ಹಲಗೆಗೂ ಗೋಡೆಗೂ ನಾಲ್ಕೇ ಬೆರಳು ಇದೆ. ನಾನೇ ಹೊಡೆದ ಹಲಗೆ ಅದು.

ಹೊಸ ಜೋಡಿ (ಹೊನ್ನಾವರ)

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಮೊನ್ನೆ ಒಂದು ಲಕ್ಕಾ ಮರಿ ತಂದೆವು. ಕುತ್ತಿಗೆ ಸುಮ್ನೆ ಗಡಗಡ ನಡುಗುತ್ತಾ ಇರುತ್ತದೆ. ಕುತ್ತಿಗೆ ರೋಗ ಅಂತ ಹೇಳುತ್ತಾರಲ್ಲ, ಅದೇನಾ? ಮಗಳು ಅಳುತ್ತಿದ್ದಾಳೆ.

ಘಟ್ಟದ ಮೇಲಿನವ (ಶಿರಸಿ)

ಮಗಳಿಗೆ ಹೇಳಿ, ಹೆದರುವುದು ಬೇಡ. ಕಾಳು ತಿನ್ನುತ್ತಿದೆಯಾ? ಎದೆ ಮುಂದೆ ಮಾಡಿ ನಿಂತಾಗ ಮಾತ್ರ ನಡುಕ ಜಾಸ್ತಿಯಾ? ಹಾಗಿದ್ದರೆ ಅದು ಲಕ್ಕಾದ ಹುಟ್ಟುಗುಣ. ಖುಷಿಯಾದಾಗ, ಜೋಡಿ ಕಂಡಾಗ, ಯಾರಾದರೂ ಹತ್ತಿರ ಬಂದಾಗ ಕೊರಳು ನಡುಗುತ್ತದೆ. ಹಳೆಯ ಕಾಲದಲ್ಲಿ ಇಂಗ್ಲಿಷಿನವರು ಈ ಹಕ್ಕಿಯನ್ನು ನಡುಗುವ ಹಕ್ಕಿ ಅಂತಲೇ ಕರೆಯುತ್ತಿದ್ದರು.

ರೋಗದ ಲಕ್ಷಣ ಬೇರೆ. ತಲೆ ಒಂದು ಕಡೆಗೆ ತಿರುಚಿ ಮೇಲೆ ಕೆಳಗೆ ಆಗುತ್ತದೆ. ಕಾಳಿಗೆ ಕುಕ್ಕಿದರೆ ಗುರಿ ತಪ್ಪುತ್ತದೆ. ನೀರು ಬಹಳ ಕುಡಿಯುತ್ತದೆ, ಹಿಕ್ಕೆ ನೀರು ನೀರಾಗುತ್ತದೆ. ಅದು ವೈರಸ್ಸಿನಿಂದ ಬರುವುದು. ಹಾಗೆ ಕಂಡರೆ ಆ ಹಕ್ಕಿಯನ್ನು ತಕ್ಷಣ ಬೇರೆ ಇಡಿ, ಪಶುವೈದ್ಯರ ಹತ್ತಿರ ಹೋಗಿ. ಲಸಿಕೆ ಬಗ್ಗೆಯೂ ಅವರನ್ನೇ ಕೇಳಿ.

ಹೊಸ ಜೋಡಿ (ಹೊನ್ನಾವರ)

ತಿನ್ನುತ್ತಿದೆ, ಸರಿಯಾಗಿ ಕುಕ್ಕುತ್ತಿದೆ. ನಿಂತು ಎದೆ ಉಬ್ಬಿಸಿದಾಗಲೇ ನಡುಗುವುದು. ಮಗಳು ಕಣ್ಣು ಒರೆಸಿಕೊಂಡು ಈಗ ಅದರ ಮುಂದೆ ತಾನೂ ಕುತ್ತಿಗೆ ನಡುಗಿಸುತ್ತಿದ್ದಾಳೆ. ತುಂಬಾ ಉಪಕಾರ ಆಯಿತು.

ಕುಮಟೆ ಮೇಷ್ಟ್ರು

ಜುಟ್ಟು, ಕಾಲುಗರಿ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಭಾರತದ ಲಕ್ಕಾಗೆ ಇವೆರಡೂ ಇರುತ್ತವೆ. ವಿದೇಶದ ಪ್ರದರ್ಶನದ ಲಕ್ಕಾ ಚಿಕ್ಕದು, ಕಾಲು ಬೋಳು.

ಜುಟ್ಟು ಅಂದರೆ ಹೊಸ ಗರಿ ಅಲ್ಲ. ಕತ್ತಿನ ಹಿಂದಿನ ಗರಿ ಕೆಳಮುಖ ಬೆಳೆಯುವ ಬದಲು ಮೇಲ್ಮುಖ ಬೆಳೆದಿದೆ, ಅಷ್ಟೇ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಇದರ ಹಿಂದೆ ಇರುವ ಒಂದು ಜೀನ್ ಕಂಡುಹಿಡಿದರು. ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಜುಟ್ಟು ಕಾಣುತ್ತದೆ. ಅದಕ್ಕೇ ಜುಟ್ಟಿಲ್ಲದ ಜೋಡಿಗೆ ಒಮ್ಮೊಮ್ಮೆ ಜುಟ್ಟಿನ ಮರಿ ಹುಟ್ಟುವುದು. ಮರಿ ಬೇರೆ ಯಾರದೋ ಅಂತ ಅನುಮಾನ ಬೇಡ.

ಕಾಲುಗರಿ ಇನ್ನೂ ವಿಚಿತ್ರ. 2016ರಲ್ಲಿ ಅದೇ ತಂಡ ತೋರಿಸಿಕೊಟ್ಟಿತು. ರೆಕ್ಕೆ ಬೆಳೆಸುವ ಜೀನ್ ಕಾಲಿನಲ್ಲೂ ಕೆಲಸ ಮಾಡಲು ಶುರು ಮಾಡುತ್ತದೆ, ಕಾಲು ಬೆಳೆಸುವ ಜೀನ್ ಸ್ವಲ್ಪ ಹಿಂದೆ ಸರಿಯುತ್ತದೆ. ಅಂದರೆ ನಿಮ್ಮ ಲಕ್ಕಾದ ಕಾಲು ಸ್ವಲ್ಪ ಮಟ್ಟಿಗೆ ರೆಕ್ಕೆಯೇ! ಅದನ್ನು ಓದಿದ ದಿನ ನಾನು ಗೂಡಿಗೆ ಹೋಗಿ ಒಂದು ತಾಸು ಕಾಲನ್ನೇ ನೋಡುತ್ತಾ ಕೂತಿದ್ದೆ.

ಬಾಲದ ಗರಿ ಹಾಗೆ ಒಂದು ಜೀನಿನ ಆಟ ಅಲ್ಲ. ಲಕ್ಕಾವನ್ನು ಸಾದಾ ಪಾರಿವಾಳಕ್ಕೆ ಜೋಡಿ ಹಾಕಿದರೆ ಮರಿಗೆ ನಡುವಿನ ಲೆಕ್ಕದ ಬಾಲ ಬರುತ್ತದೆ. ನೊಣಗಳ ಮೇಲೆ ಕೆಲಸ ಮಾಡಿ ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್ 1918ರಲ್ಲಿ ಇದೇ ಲಕ್ಕಾ ಬಾಲದ ಬಗ್ಗೆ ಬರೆದಿದ್ದಾರೆ. ಒಮ್ಮೆ ಬೆರೆಸಿಬಿಟ್ಟರೆ ಮೊದಲಿನ ಬಾಲ ತಿರುಗಿ ತರಲು ತಲೆಮಾರುಗಳೇ ಬೇಕು. ಸುಮ್ನೆ ಒಂಟಿ ಇದೆ ಅಂತ ಸಿಕ್ಕಿದ್ದಕ್ಕೆ ಜೋಡಿ ಹಾಕಬೇಡಿ.

ಘಟ್ಟದ ಮೇಲಿನವ (ಶಿರಸಿ)

ಕಾಲುಗರಿಯವರು ಮಳೆಗಾಲದಲ್ಲಿ ಇನ್ನೊಂದು ನೋಡಿಕೊಳ್ಳಿ. ಹಿಕ್ಕೆ ಕಾಲುಗರಿಗೆ ಮೆತ್ತಿ ಗಟ್ಟಿಯಾಗಿ ಬೆರಳು ಕಟ್ಟಿಹಾಕುತ್ತದೆ. ವಾರಕ್ಕೊಮ್ಮೆ ಬೆಚ್ಚನೆ ನೀರಿನಲ್ಲಿ ನೆನೆಸಿ ತೆಗೆಯಿರಿ. ಎಳೆದು ಕೀಳಬೇಡಿ. ಮೊಟ್ಟೆ ಇಟ್ಟಾಗ ಉದ್ದ ಕಾಲುಗರಿಗೆ ಸಿಕ್ಕಿ ಮೊಟ್ಟೆ ಉರುಳಿ ಹೋಗುತ್ತದೆ. ಆ ಹೊತ್ತಿಗೆ ಕಾಲುಗರಿ ಕತ್ತರಿಸಿ ಮೋಟು ಮಾಡಿ.

ಕಾಳಿನ ಮಾತು. ಮಳೆಗಾಲದಲ್ಲಿ ಜೋಳ, ಶೇಂಗಾಕ್ಕೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ವಿಷ ಹಕ್ಕಿಯ ಯಕೃತ್ತಿಗೆ ಹೊಡೆಯುತ್ತದೆ. ತೊಳೆದು ಒಣಗಿಸಿದರೆ ಹೋಗುವ ವಿಷ ಅಲ್ಲ ಅದು. ಮುಗ್ಗಲು ವಾಸನೆ ಬಂದ ಚೀಲ ಇಡೀ ಎಸೆಯಿರಿ. ಗರಿ ಬರುವ ಕಾಲದಲ್ಲಿ ಹೆಸರು ಕಾಳು, ಬಟಾಣಿ ಸ್ವಲ್ಪ ಜಾಸ್ತಿ ಹಾಕಿ. ಗರಿ ಆಗುವುದೇ ಪ್ರೋಟೀನಿನಿಂದ.

ಕರಾವಳಿಯವರಿಗೆ ಬಳಚಿನ, ಅಂದರೆ ಚಿಪ್ಪುಮೀನಿನ, ಚಿಪ್ಪು ಸುಲಭ. ನಮಗೆ ಘಟ್ಟದ ಮೇಲೆ ತರಿಸಿಕೊಳ್ಳಬೇಕು. ಚಿಪ್ಪನ್ನು ಎರಡು ಮೂರು ನೀರಿನಲ್ಲಿ ಉಪ್ಪು ಹೋಗುವ ಹಾಗೆ ತೊಳೆದು, ಒಣಗಿಸಿ, ಕಾಳಿನ ಗಾತ್ರಕ್ಕೆ ಕುಟ್ಟಿ ಇಡಿ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣ ಅದರಲ್ಲಿದೆ.

ಬಂದರು ಗೂಡು (ಬೈತಖೋಲ)

ಅಕ್ಕ ಹೇಳಿದ್ದು ಒಪ್ಪಿದೆ. ನಾನು ಮೂರು ಲಕ್ಕಾ ಕಳೆದುಕೊಂಡಿದ್ದು ಒದ್ದೆ ಗೂಡಿನಲ್ಲೇ. ಹಕ್ಕಿಯ ಮೇಲೆ ತಪ್ಪು ಹಾಕಿ ಕೂತಿದ್ದೆ ಇಷ್ಟು ವರ್ಷ.

ಒಂದು ಬೇಡಿಕೆ ಎಲ್ಲರಿಗೂ. ಮೊನ್ನೆ ಒಂದು ಮದುವೆಗೆ 10 ಬಿಳಿ ಲಕ್ಕಾ ಕೇಳಿಕೊಂಡು ಬಂದಿದ್ದರು. ಬೀಚಿನಲ್ಲಿ ಹಾರಿಬಿಡಲು. ನಾನು ಕೊಡಲಿಲ್ಲ. ಲಕ್ಕಾ ಹೋಮರ್ ಅಲ್ಲ, ದೂರದಿಂದ ಮನೆ ಹುಡುಕಿ ಬರುವುದಿಲ್ಲ. ಆ ಬಾಲ ಹೊತ್ತು ಹತ್ತು ಮಾರು ಹಾರುವುದೇ ಕಷ್ಟ. ಬಿಳಿ ಬಣ್ಣ ಗಿಡುಗನಿಗೆ ದೂರದಿಂದಲೇ ಕಾಣುತ್ತದೆ. ರಾತ್ರಿಯಾದರೆ ಬೆಕ್ಕು, ನಾಯಿ. ಹಾರಿಬಿಟ್ಟ ಹಕ್ಕಿ ಮರುದಿನ ಬದುಕಿರುವುದು ಕಷ್ಟ. ದಯವಿಟ್ಟು ಯಾರೂ ಕೊಡಬೇಡಿ.

ಅಂಕೋಲೆ ಅಕ್ಕ

ಅಣ್ಣಾ, ಕೈ ಮುಗಿದೆ.

ಕಾಳಿ ದಂಡೆ (ಕಾರವಾರ)

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಹಲಗೆಯನ್ನು ಗೋಡೆಯಿಂದ ಒಂದು ಅಡಿ ಮುಂದೆ ತಂದೆ. ಬಾಗಿಲು ಪಡುವಣಕ್ಕೆ ಇತ್ತು, ಅದನ್ನು ಮುಚ್ಚಿ ಮೂಡಲಿಗೆ ಮಾಡಿದೆ. ಅಪ್ಪನೇ ಮಡ್ಲು ಹೆಣೆದು ತಟ್ಟಿ ಕಟ್ಟಿಕೊಟ್ಟರು. ಉಮಿ ಅಮದಳ್ಳಿಯ ಮಿಲ್ಲಿನಿಂದ ತಂದೆವು. ಆಮೇಲೆ ಒಂದು ಗರಿಯೂ ಮುರಿದಿಲ್ಲ.

ಜೋಡಿ ಈಗ ಹಿಡಿಕಡ್ಡಿ ಎಳೆದುಕೊಂಡು ಹೋಗಿ ಗೂಡು ಮಾಡುತ್ತಿದೆ. ಗಂಡು ಹತ್ತಲು ನೋಡಿ ಜಾರಿ ಬೀಳುತ್ತದೆ. ಹಿಂದಿನ ಸಲ ಎರಡೂ ಮೊಟ್ಟೆ ಬರಡಾಗಿದ್ದವು. ಬಾಲ ಅಡ್ಡ ಬರುತ್ತಿದೆಯಾ?

ಅಂಕೋಲೆ ಅಕ್ಕ

ಹೌದು, ಬಾಲವೇ ಅಡ್ಡ. ಎರಡಕ್ಕೂ ಬಾಲದ ಕೆಳಗೆ, ಗುದದ ಸುತ್ತ ಇರುವ ಸಣ್ಣ ಗರಿ ಕತ್ತರಿಯಿಂದ ಮೋಟು ಮಾಡಿ. ಸಾಲದಿದ್ದರೆ ಬಾಲದ ಗರಿಯನ್ನೂ ಅರ್ಧಕ್ಕೆ ಕತ್ತರಿಸಬೇಕು. ಮನಸ್ಸು ಬರುವುದಿಲ್ಲ, ಗೊತ್ತು. ಮೊದಲ ಸಲ ನನ್ನ ಕೈ ಕೂಡ ನಡುಗಿತ್ತು. ಆದರೆ ಹೊಸದಾಗಿ ಬರುತ್ತಿರುವ ಗರಿಗೆ ಕತ್ತರಿ ತಾಗಿಸಬೇಡಿ. ಬಿಳಿ ಹಕ್ಕಿಯಲ್ಲಿ ಅದು ನಸುಗೆಂಪು ಕೊಳವೆಯ ಹಾಗೆ ಕಾಣುತ್ತದೆ. ಒಳಗೆ ರಕ್ತ ಇರುತ್ತದೆ.

ನನ್ನನ್ನು ಕೇಳಿದರೆ ಈಗ ಮರಿ ಮಾಡಿಸಬೇಡಿ. ಗರಿ ಬದಲಾಗುವ ಹೊತ್ತಿಗೆ ಮರಿಗೂ ಗಂಟಲಚೀಲದಲ್ಲಿ ಊರುವ ಹಾಲು ಉಣಿಸುವುದು ಹಕ್ಕಿಗೆ ಭಾರ. ಮೊಟ್ಟೆ ಇಟ್ಟರೆ ತೆಗೆದು ಮರದ ಮೊಟ್ಟೆ ಇಡಿ. ಹತ್ತಿರ ಹತ್ತಿರ 18 ದಿನ ಕೂತು ತಾನೇ ಬಿಡುತ್ತದೆ. ನವೆಂಬರ್‌ನಲ್ಲಿ ಹೊಸ ಬಾಲ ಕಣ್ತುಂಬ ನೋಡಿ. ಆಮೇಲೆ ಕತ್ತರಿ ಹಿಡಿಯಿರಿ.

ಕಾಳಿ ದಂಡೆ (ಕಾರವಾರ)

ಹಾಗೇ ಮಾಡುತ್ತೇನೆ ಅಕ್ಕಾ. ಇವತ್ತು ಬೆಳಿಗ್ಗೆ ಉಮಿ ಮೇಲೆ ಮುರಿದ ಗರಿಗಳಲ್ಲಿ ಒಂದು ಬಿದ್ದಿತ್ತು. ಗಂಡನ್ನು ಹಿಡಿದು ನೋಡಿದೆ. ಆ ಜಾಗದಲ್ಲಿ ಅಕ್ಕಿ ಕಾಳಿನಷ್ಟು ಕೊಳವೆ ಹೊರಗೆ ಬಂದಿದೆ. ಮೇಷ್ಟ್ರೇ, ಬಿದ್ದ ಗರಿಯನ್ನು ನಿಮ್ಮ ಶಾಲೆಯ ಮಕ್ಕಳಿಗೆ ತೋರಿಸಲು ಬೇಕಾದರೆ ಹೇಳಿ, ತೆಗೆದಿಟ್ಟಿದ್ದೇನೆ.